ಕೆನೆಯಿಲ್ಲದ ಸಾಸ್

ಮೂವತ್ತು ವರ್ಷ ದೊಡ್ಡ ಹೋಟೆಲಿನಲ್ಲಿ ಪಾಸ್ತಾಗೆ ಕೆನೆಯ ಸಾಸ್ ಮಾಡಿದ ಆ ಬಾಣಸಿಗ ಮನೆಯಲ್ಲಿ ಒಲೆಯ ಹತ್ತಿರವೂ ಸುಳಿದವನಲ್ಲ. "ದಿನವಿಡೀ ಅದೇ ಕೆಲಸ, ಮನೆಗೆ ಬಂದೂ ಅದೇನಾ?" ಎನ್ನುತ್ತಿದ್ದ, ಹೆಂಡತಿ ಬಡಿಸಿದ್ದನ್ನು ಉಂಡು ಮಲಗುತ್ತಿದ್ದ.

ಅವನು ನಿವೃತ್ತನಾದ ವರ್ಷವೇ ಅವಳು ಕಾಯಿಲೆ ಬಿದ್ದು ಕಡ್ಡಿಯಂತಾದಳು. "ಕೊಬ್ಬು ಕಡಿಮೆ ಇರಲಿ, ಪ್ರೋಟೀನ್ ಜಾಸ್ತಿ ಕೊಡಿ" ಎಂದರು ಡಾಕ್ಟರು. ಅವನು ಕೆನೆ ತೆಗೆದ ಹಾಲಿನ ಪನೀರನ್ನು ಬೆಂದ ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ರುಬ್ಬಿದ. ಒಲೆಯ ಮೇಲಿಟ್ಟಾಗ ಎರಡು ಸಲ ಬಿಸಿ ಹೆಚ್ಚಾಗಿ ಸಾಸ್ ಒಡೆದುಹೋಯಿತು. ಮೂರನೆಯ ಸಲ ಒಲೆ ಆರಿಸಿ, ಪಾಸ್ತಾ ಬೇಯಿಸಿದ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿದಾಗ ರೇಷ್ಮೆಯಂತೆ ಬಂತು.

ಹಿಗ್ಗಿನಿಂದ ತಟ್ಟೆ ಹಿಡಿದು ಮಂಚದ ಪಕ್ಕ ಕೂತ. ಅವಳು ಎರಡು ತುತ್ತು ನುಂಗಿದಳು.

"ಹೇಗಿದೆ?"

"ಔಷಧಿಗೆ ನಾಲಿಗೆ ಸತ್ತು ತಿಂಗಳಾಯ್ತು ರೀ. ಚೆನ್ನಾಗಿದೆ ಅಂತ ಬೇಕಿದ್ರೆ ಹೇಳ್ತೀನಿ." ಅವಳು ತಟ್ಟೆ ಸರಿಸಿದಳು. "ಕಂಡೋರೆಲ್ಲ ನಿಮ್ಮ ಕೈರುಚಿ ಹೊಗಳೋರು. ನಾಲಿಗೆ ನೆಟ್ಟಗಿದ್ದಾಗ ನನಗೂ ಒಂದ್ಸಲ ಮಾಡಬಹುದಿತ್ತು."

ಅವನು ತಟ್ಟೆ ಎತ್ತಿಕೊಂಡ. ಅಡುಗೆಮನೆಗೆ ಹೋಗಿ ಉಳಿದದ್ದನ್ನು ನಿಂತೇ ತಿಂದ. ಸಾಸಿನಲ್ಲಿ ಒಂದು ಕುಂದೂ ಇರಲಿಲ್ಲ.