ಒಬ್ಬರೇ ಕಾಯಂ ಮೇಡಂ

ಮೇಡಂ ಬೋರ್ಡಿನ ಕಡೆ ತಿರುಗಿದರೆ ನಮಗೆ ಮೊದಲು ಕಾಣುತ್ತಿದ್ದುದು ಅವರ ಒದ್ದೆ ಜಡೆ. ಬೆಳಿಗ್ಗೆ ಏಳಕ್ಕೆ ತರಗತಿ. ತಲೆಗೆ ನೀರು ಹಾಕಿಕೊಂಡು, ಒಣಗಿಸುವ ವ್ಯವಧಾನವಿಲ್ಲದೆ ಹಾಗೇ ಬಿಗಿಯಾಗಿ ಹೆಣೆದು, ಮೇಲೆ ಹೆಲ್ಮೆಟ್ ಒತ್ತಿಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದರು. ಬಿಳಿ ರವಿಕೆಯ ಬೆನ್ನ ಮೇಲೆ ಅಂಗೈಯಗಲದ ಒದ್ದೆ ಗುರುತು. ಅದು ಒಣಗಿತೆಂದರೆ ಎರಡನೇ ಪೀರಿಯಡ್ ಮುಗಿಯಿತೆಂದು ಹಿಂದಿನ ಬೆಂಚಿನವರ ಲೆಕ್ಕ. ಚಳಿಗಾಲದಲ್ಲಿ ಒಣಗುತ್ತಲೇ ಇರಲಿಲ್ಲ. ನೆಗಡಿಯಾಗಿ ಮೂಗೊರೆಸಿಕೊಳ್ಳುತ್ತಲೇ ಸಾಕ್ಷ್ಯ ಕಾಯಿದೆ ಪಾಠ ಹೇಳುತ್ತಿದ್ದರೇ ಹೊರತು, ದಿನಾ ತಲೆಗೆ ನೀರು ಹಾಕಿಕೊಳ್ಳುವುದನ್ನು ಬಿಡಲಿಲ್ಲ.

ಅದು ವಡೋದರದಲ್ಲಿ ಮಕರಪುರದ ಕಾರ್ಖಾನೆಗಳನ್ನು ದಾಟಿದ ಮೇಲೆ ಸಿಗುತ್ತಿದ್ದ ಯೂನಿವರ್ಸಿಟಿಯ ಲಾ ಕಾಲೇಜು. ಹೆಸರು ಬೇಡ, ಈಗ ಹೆಸರು ಹೇಳಿದರೂ ಆಟೋದವನಿಗೆ ಗೊತ್ತಾಗುವುದಿಲ್ಲ. ನಮ್ಮವರಿಗೆ ವಿಮಾ ಕಚೇರಿಯಲ್ಲಿ ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾಗಿತ್ತು. ಮನೆಯಲ್ಲಿ ನನ್ನ ಜೊತೆ ವಾದ ಮಾಡಿ ಮಾಡಿ ಸೋತು ಸುಣ್ಣವಾದ ಅವರು, "ಇಷ್ಟ್ ವಾದಾ ಮಾಡ್ತಿ, ಅದಕ್ಕೊಂದ್ ಸರ್ಟಿಫಿಕೇಟರೆ ಇರ್ಲಿ" ಎಂದು ಒಂದು ದಿನ ಫಾರ್ಮ್ ತಂದುಕೊಟ್ಟರು. ಮಗಳನ್ನು ಶಾಲೆಗೆ ಕಳಿಸುವ ಕೆಲಸ ಅವರ ಪಾಲಿಗೆ ಬಂತು. ನಾನು ಮೂವತ್ತನಾಲ್ಕನೇ ವಯಸ್ಸಿನಲ್ಲಿ ಮತ್ತೆ ಬೆಂಚಿನ ಮೇಲೆ ಕೂತೆ.

ಮೊದಲ ದಿನವೇ ಮೇಡಂ ನನ್ನನ್ನು ಎಬ್ಬಿಸಿ ನಿಲ್ಲಿಸಿ ಏನೋ ಕೇಳಿದರು. ನನಗೆ ಗುಜರಾತಿಯೂ ಬಾರದು, ಕಾನೂನೂ ಬಾರದು. "ಅಯ್ಯ ಶಿವನ" ಎಂದು ಬಾಯೊಳಗೇ ಗೊಣಗಿದೆ. ಇಡೀ ತರಗತಿಯಲ್ಲಿ ಅದು ಅರ್ಥವಾದದ್ದು ಒಬ್ಬರಿಗೇ.

"ಶಿವ ಬಂದು ಉತ್ತರ ಹೇಳುದಿಲ್ಲ ಮಾರಾಯ್ತಿ, ನೀನೇ ಹೇಳ್ಬೇಕು."

ನಾನು ಬೆಂಚು ಹಿಡಿದುಕೊಂಡೆ. ಪಕ್ಕದಲ್ಲಿದ್ದವರು ಇದು ಯಾವ ಸೆಕ್ಷನ್ ಇರಬಹುದೆಂದು ಪುಸ್ತಕ ತಿರುವುತ್ತಿದ್ದರು. ಮೇಡಂ ತಂದೆ ಕುಂದಾಪುರದ ಕಡೆಯವರು. ಸೂರತ್ ಸ್ಟೇಷನ್ ಹತ್ತಿರ ಉಡುಪಿ ಹೋಟೆಲು ಇಟ್ಟವರು. ಮೇಡಂ ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಸೂರತ್ತಿನಲ್ಲೇ. ಅವರ ಕನ್ನಡ ಹೋಟೆಲಿನ ಅಡುಗೆಮನೆಯಲ್ಲಿ ಭಟ್ಟರ ಬಾಯಿಂದ ಕಲಿತದ್ದು, ಹಾಗಾಗಿ ಎಲ್ಲವೂ ಅಪ್ಪಣೆಯ ಧಾಟಿ. ಪ್ರೀತಿಯಿಂದ ಮಾತಾಡಿದರೂ ಯಾರೋ ಸಾಂಬಾರು ಸೀದುಹೋಗಲು ಬಿಟ್ಟಿದ್ದಾರೇನೋ ಅನಿಸುತ್ತಿತ್ತು. ತಂದೆಯ ಒಂದು ಮಾತನ್ನು ಸಾಕ್ಷಿಯ ಪಾಠಕ್ಕೆ ಬಂದಾಗಲೆಲ್ಲ ಹೇಳುವರು: ಇಡ್ಲಿ ಇಲ್ಲದಿದ್ದರೆ ಇಲ್ಲ ಅನ್ನು, ಆಗುತ್ತಾ ಉಂಟು ಎಂದು ಗಿರಾಕಿಯನ್ನು ಕೂರಿಸಬೇಡ. ಒಳ್ಳೆಯ ಸಾಕ್ಷಿಯೂ ಅಷ್ಟೇ ಅಂತೆ.

ಪ್ರತಿ ವರ್ಷ ಮೊದಲ ತರಗತಿಯಲ್ಲಿ ಅವರು ಕಾಲೇಜಿನ ಚರಿತ್ರೆಯನ್ನು ಒಂದು ಮೊಕದ್ದಮೆಯಂತೆ ಹೇಳುತ್ತಿದ್ದರು. ವಾದಿ ಯಾರು, ಪ್ರತಿವಾದಿ ಯಾರು, ಜಗಳ ಎಂಥದ್ದು. ಹಗಲು ದುಡಿಯುವವನಿಗೆ ಕಾನೂನು ಓದುವ ಹಕ್ಕಿದೆಯೋ ಇಲ್ಲವೋ, ಅದೇ ಜಗಳ. ಇದೆ ಎಂದ ಕೆಲವು ವಕೀಲರು ಒಂದು ಶಾಲೆಯ ಮಾಳಿಗೆಯಲ್ಲಿ ಎರಡು ಕೋಣೆ ಬೇಡಿಕೊಂಡು, ಕೋರ್ಟಿಗೆ ಹೋಗುವ ಮುಂಚೆ ಸಂಬಳವಿಲ್ಲದೆ ಪಾಠ ಮಾಡಿದರು. ಆಮೇಲೆ ಯೂನಿವರ್ಸಿಟಿ ಕೈ ಹಿಡಿಯಿತು, ಸರ್ಕಾರ ಸಂಬಳ ಕೊಟ್ಟಿತು, ಸ್ವಂತ ಕಟ್ಟಡ ಬಂತು. ಊರಿನಲ್ಲಿ ವಕೀಲರೊಬ್ಬರು ತೀರಿಕೊಂಡರೆ ಹದಿಮೂರನೇ ದಿನದ ಕಾರ್ಯ ಮುಗಿದ ಮೇಲೆ ಅವರ ಕಾನೂನು ಪುಸ್ತಕಗಳನ್ನು ಮನೆಯವರು ಟೆಂಪೋದಲ್ಲಿ ಕಾಲೇಜಿಗೆ ಕಳಿಸುವುದು ರೂಢಿಯಾಯಿತು. ಲೈಬ್ರರಿ ಬೆಳೆದದ್ದೇ ಹಾಗೆ. ಯಾವ ಪುಸ್ತಕ ತೆಗೆದರೂ ಮೊದಲ ಪುಟದಲ್ಲಿ ಸತ್ತವರೊಬ್ಬರ ಸಹಿ ಇರುತ್ತಿತ್ತು.

ಮೇಡಂ ಸೇರಿದಾಗ ಸ್ಟಾಫ್ ರೂಮಿನಲ್ಲಿ ಕೂರಲು ಜಾಗವಿರಲಿಲ್ಲವಂತೆ. ನಾನು ಓದುವ ಹೊತ್ತಿಗೆ ಅರ್ಧ ಕುರ್ಚಿ ಖಾಲಿ. ಒಬ್ಬರು ನಿವೃತ್ತರಾದರೆ ಇನ್ನೊಬ್ಬರನ್ನು ಕೊಡುತ್ತಿರಲಿಲ್ಲ. ಹೈವೇಯ ಉದ್ದಕ್ಕೂ ಗಾಜಿನ ಮುಖದ ಖಾಸಗಿ ಕಾಲೇಜುಗಳು ಏಳುತ್ತಿದ್ದವು. ಅಲ್ಲಿಯ ಫೀಸು ಕೇಳಿದರೆ ನಮ್ಮ ಬೆಂಚಿನವರಿಗೆ ಎದೆ ಧಸಕ್ಕೆನ್ನುತ್ತಿತ್ತು. ಕೊನೆಗೆ ಕಾಯಂ ಅಧ್ಯಾಪಕರೆಂದು ಉಳಿದದ್ದು ಮೇಡಂ ಒಬ್ಬರೇ. ಪ್ರಿನ್ಸಿಪಾಲರೂ ಅವರೇ, ಅದೂ ಇನ್‌ಚಾರ್ಜ್. ಉಳಿದ ಪಾಠಗಳಿಗೆಲ್ಲ ನನ್ನಂಥ ಹಳೆ ವಿದ್ಯಾರ್ಥಿಗಳು. ಡಿಗ್ರಿ ಮುಗಿಸಿ ಕೋರ್ಟಿಗೆ ಹೋಗಲು ಶುರುಮಾಡಿದ್ದ ನನ್ನನ್ನು ಮೇಡಂ ಕರೆದು ಕರಾರು ಕಾಯಿದೆಯ ಪಾಠ ವಹಿಸಿದರು. ಪುಡಿಗಾಸಿನ ಗೌರವಧನ. ಅವರು ಕರೆದರೆ ಇಲ್ಲ ಅನ್ನುವ ಧೈರ್ಯ ಯಾರಿಗಿತ್ತು!

ಕೆಲವು ವರ್ಷಕ್ಕೊಮ್ಮೆ ವಕೀಲರ ಪರಿಷತ್ತಿನಿಂದ ಮಾನ್ಯತೆಯ ತಪಾಸಣೆ ಬರುತ್ತಿತ್ತು. ಆ ದಿನ ನಮ್ಮ ಕಾಲೇಜು ಮದುವೆಮನೆ. ನಿವೃತ್ತರಾದ ಹಿರಿಯರು ಕೋಟು ಹಾಕಿಕೊಂಡು ಬಂದು ಕಾಯಂ ಅಧ್ಯಾಪಕರಂತೆ ಕೂರುವರು. ಸೂರತ್ತಿನಿಂದ ಮೇಡಂ ಅಣ್ಣ ಉಪ್ಪಿಟ್ಟು, ಕೇಸರಿಬಾತು ಮಾಡಲು ಭಟ್ಟರನ್ನೇ ಕಳಿಸುವರು. ಒಮ್ಮೆ ತಪಾಸಣೆಯವರು ಒಬ್ಬ ಹಿರಿಯರನ್ನು ನೀವು ದಿನಾ ಎಲ್ಲಿ ಕೂರುತ್ತೀರಿ ಎಂದು ಕೇಳಿದರು. ಅವರು ಹೆಮ್ಮೆಯಿಂದ ತೋರಿಸಿದ ಕುರ್ಚಿಯ ಬೆನ್ನ ಮೇಲೆ ಶಾಮಿಯಾನದವನ ಹೆಸರು ದೊಡ್ಡದಾಗಿ ಬರೆದಿತ್ತು. ನಾವು ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೇಡಂ ನಗಲಿಲ್ಲ. "ಗಿರಾಕಿಯನ್ನ ಕೂರಿಸಿದ್ದು" ಅಂದರು, ಅಷ್ಟೇ. ಆದರೆ ಮಾನ್ಯತೆ ಸಿಕ್ಕಿತು. ಆ ವರ್ಷವೂ ಗುಮಾಸ್ತರು, ಕಂಡಕ್ಟರುಗಳು, ನನ್ನಂಥ ಗೃಹಿಣಿಯರು ಬಂದು ಸೇರಿದರು.

ಅಧ್ಯಾಪಕರನ್ನು ಕೊಡಿ ಎಂದು ಬೇಡಲು ಮೇಡಂ ರಾಜಧಾನಿ ಗಾಂಧಿನಗರದ ಶಿಕ್ಷಣ ಇಲಾಖೆಗೆ ಹೋಗಿಬರುವುದು ನಿಂತಿರಲಿಲ್ಲ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಅಧಿಕಾರಿ ಒಳ್ಳೆಯವರೇ. ಚಹಾ ತರಿಸಿದರು, ಎಲ್ಲ ಕೇಳಿಸಿಕೊಂಡರು. ಆಮೇಲೆ ಹಿಂದಿನ ತಪಾಸಣೆಯ ವರದಿಯನ್ನು ಮೇಡಂ ಕಡೆ ತಿರುಗಿಸಿ, "ಬೆನ್, ನಿಮ್ಮಲ್ಲಿ ಸಾಕಷ್ಟು ಜನ ಇದ್ದಾರಲ್ಲ, ನೀವೇ ತೋರಿಸಿದ್ದೀರಿ" ಎಂದರು. ಅಕ್ಕನಿಗೆ ಹೇಳಿದ ಹಾಗೆ ಮೆತ್ತಗೆ ಹೇಳಿದರು. ಮೇಡಂ ಚಹಾ ಮುಟ್ಟಲಿಲ್ಲ.

ಅಹಮದಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ವಡೋದರದ ಬಸ್ಸಿಗೆ ಕಾಯುವಾಗ ಹೇಳಿದರು: "ನಮ್ಮ ವಿರುದ್ಧ ನಾವೇ ಸಾಕ್ಷಿ ಹೇಳಿ ಬಂದದ್ದು. ಉಂಟು ಉಂಟು ಅಂತ ನಾವೇ ತೋರಿಸಿದ್ರೆ ಅವ್ರು ಕೊಡುದು ಯಾಕೆ? ಇನ್ನು ಇದ್ದದ್ದನ್ನ ಇದ್ದ ಹಾಗೆ ಹೇಳುದು. ರೆಕಾರ್ಡಿಗೆ ಬಂದ ಮೇಲೆ ಕೊಡ್ಲೇಬೇಕಾಗ್ತದೆ."

ರೆಕಾರ್ಡಿಗೆ ಬಂದರೆ ಕೊಡಲೇಬೇಕಾಗುತ್ತದೆ! ಮೂವತ್ತು ವರ್ಷ ಕಾನೂನು ಪಾಠ ಮಾಡಿದವರಿಗೆ ಮಾತ್ರ ಬರುವ ನಂಬಿಕೆ ಅದು. ದಿನಾ ಕೋರ್ಟಿನಲ್ಲಿ ಅಲೆಯುತ್ತಿದ್ದ ನನಗೆ ಅಷ್ಟು ನಂಬಿಕೆ ಇರಲಿಲ್ಲ. ಆದರೂ ಅವರ ಮುಖ ನೋಡಿ, ಇದ್ದರೂ ಇರಬಹುದು ಅಂದುಕೊಂಡೆ.

ಆ ಚಳಿಗಾಲದಲ್ಲೇ ಹಿಂದಿನ ಬೆಂಚಿನಲ್ಲಿ ಒಬ್ಬ ಹೊಸಬ ಕೂರತೊಡಗಿದ್ದ. ಮಕರಪುರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ದುಡಿಯುವವನು, ನಲವತ್ತು ದಾಟಿದ ಗುಜರಾತಿ. ಅವನ ಜೊತೆಯ ಒಂದಷ್ಟು ಕೆಲಸಗಾರರನ್ನು ತೆಗೆದುಹಾಕಿದ್ದರು, ಆ ಕೇಸು ಲೇಬರ್ ಕೋರ್ಟಿನಲ್ಲಿ ಕೊಳೆಯುತ್ತಿತ್ತು. ಹಿಡಿದ ವಕೀಲ ಒಂದು ತಾರೀಖಿಗೆ ಬಂದರೆ ಮೂರಕ್ಕೆ ಬರುತ್ತಿರಲಿಲ್ಲ. ಅವರಲ್ಲಿ ಡಿಗ್ರಿ ಇದ್ದವನು ಇವನೊಬ್ಬನೇ. ನೀನೇ ವಕೀಲನಾಗು ಎಂದು ಎಲ್ಲ ಸೇರಿ ಇವನನ್ನು ಕಳಿಸಿದ್ದರು. ಬೆಳಿಗ್ಗೆ ಬಿಡುವಾಗಲೆಂದು ಸೆಕೆಂಡ್ ಶಿಫ್ಟ್ ಕೇಳಿ ಪಡೆದಿದ್ದ. ಪ್ರವೇಶದ ಕಾಲ ಮುಗಿದಿತ್ತು. ಈಗ ಸುಮ್ಮನೆ ಕೂತು ಕೇಳು, ಜೂನ್‌ನಲ್ಲಿ ಸೇರಿಸಿಕೊಳ್ಳುತ್ತೇನೆ ಎಂದು ಮೇಡಂ ಮಾತು ಕೊಟ್ಟಿದ್ದರು. ಎಣ್ಣೆ ಮೆತ್ತಿದ ಉಗುರುಗಳ ಕೈಯೆತ್ತಿ ಅವನು ಕೇಳುವ ಪ್ರಶ್ನೆಗಳೆಂದರೆ ಮೇಡಂಗೆ ಹಬ್ಬ.

ತಪಾಸಣೆ ಏಪ್ರಿಲ್‌ನಲ್ಲಿ ಬಂತು. ಉಪ್ಪಿಟ್ಟಿಲ್ಲ, ಶಾಮಿಯಾನದ ಕುರ್ಚಿಯಿಲ್ಲ. ಎಂದಿನಂತೆ ಅಧ್ಯಾಪಕರನ್ನು ತೋರಿಸಿ ಎಂದು ಯೂನಿವರ್ಸಿಟಿ ಕಚೇರಿಯಿಂದ ಫೋನು ಬಂದಿತ್ತೆಂದು ನಾವು ಕೆಲವರು ಮಾತ್ರ ಕರಿಕೋಟು ಹಾಕಿಕೊಂಡು ಕೂತಿದ್ದೆವು. ಮೇಡಂ ನಮ್ಮನ್ನು ತೋರಿಸಿ, "ಕಾಯಂ ನಾನೊಬ್ಬಳೇ. ಇವರೆಲ್ಲ ಪ್ರೀತಿಗೆ ಬಂದವರು" ಎಂದರು. ಬಂದವರಲ್ಲಿ ಹಿರಿಯರೊಬ್ಬರು ಪೆನ್ನು ಎತ್ತಿ ಹಿಡಿದು, ಇದನ್ನು ಬರೆದುಕೊಳ್ಳಲೇ ಎಂದು ಕೇಳಿದರು. ಮಾತು ಹಿಂತೆಗೆದುಕೊಳ್ಳಲು ಅವರು ದಾರಿ ಕೊಡುತ್ತಿದ್ದಾರೆಂದು ನನಗೇ ಗೊತ್ತಾಯಿತು. ಮೇಡಂಗೆ ಗೊತ್ತಾಗದೆ ಇರುತ್ತದೆಯೇ? ಬರೆದುಕೊಳ್ಳಿ ಎಂದರು. ಅವರು ಹೋದ ಮೇಲೆ ನಮ್ಮೆಲ್ಲರನ್ನೂ ರಸ್ತೆಯಂಚಿಗೆ ಕರೆದೊಯ್ದು ಸೇವ್ ಉಸಳ್ ಕೊಡಿಸಿದರು. ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತಿದ್ದರೂ ಎರಡನೇ ಪ್ಲೇಟು ಹೇಳಿದರು. ಅಷ್ಟು ಖುಷಿಯಾಗಿ ನಾನು ಅವರನ್ನು ಮತ್ತೆ ನೋಡಲಿಲ್ಲ.

ಜೂನ್‌ನಲ್ಲಿ ಪರಿಷತ್ತಿನ ಆದೇಶ ಬಂತು. ಕಾಯಂ ಅಧ್ಯಾಪಕರು ಬರುವವರೆಗೆ ಹೊಸ ಪ್ರವೇಶ ಮಾಡಿಕೊಳ್ಳುವಂತಿಲ್ಲ. ಮೇಡಂ ಅದನ್ನೇ ಹಿಡಿದುಕೊಂಡು ಗಾಂಧಿನಗರಕ್ಕೆ ಓಡಿದರು. ಅಲ್ಲಿ, ಹೊಸ ವಿದ್ಯಾರ್ಥಿಗಳೇ ಇಲ್ಲದ ಕಾಲೇಜಿಗೆ ಅಧ್ಯಾಪಕರು ಯಾಕೆ ಎಂದರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಗಾದೆಯನ್ನು ನಗುತ್ತಾ ಹೇಳುತ್ತೇವೆ, ಒಳಗೆ ಸಿಕ್ಕಿಕೊಂಡವರಿಗೆ ನಗು ಬರುವುದಿಲ್ಲ. ಯೂನಿವರ್ಸಿಟಿಯಲ್ಲಿ, ಬಾರ್ ರೂಮಿನಲ್ಲಿ, ನಮ್ಮ ಹಳೆ ವಿದ್ಯಾರ್ಥಿಗಳಲ್ಲೇ ಕೂಡ ಜನ ಮೇಡಂ ಅವರನ್ನು ಹರಿಶ್ಚಂದ್ರನ ಮೊಮ್ಮಗಳು ಎಂದು ಆಡಿಕೊಂಡರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತು ವರ್ಷ ಒಬ್ಬ ಅಧ್ಯಾಪಕರನ್ನೂ ಕೊಡದವರ ಮೇಲೆ ಯಾರಿಗೂ ಸಿಟ್ಟಿಲ್ಲ, ಕೊಟ್ಟಿಲ್ಲ ಎಂದು ಹೇಳಿದವರ ಮೇಲೆ ಎಲ್ಲರಿಗೂ ಸಿಟ್ಟು!

ಲೇತಿನವನು ಫಾರ್ಮು ತುಂಬಿಕೊಂಡು ಬಂದ ದಿನ ನಾನು ಮೇಡಂ ಕೋಣೆಯಲ್ಲೇ ಇದ್ದೆ. ಮೇಡಂ ಏನೂ ಮುಚ್ಚಿಡದೆ ನಡೆದದ್ದನ್ನೆಲ್ಲ ಹೇಳಿದರು. ಅವನು ಕೂಗಾಡಲಿಲ್ಲ. ಫಾರ್ಮನ್ನು ಮಡಚಿ ಜೇಬಿಗಿಟ್ಟುಕೊಂಡು, "ಬೆನ್, ಇನ್ನು ಮೂರು ವರ್ಷ ಸುಳ್ಳು ಹೇಳಬಹುದಿತ್ತಲ್ಲ" ಎಂದ. ಮೂರು ವರ್ಷದ ಕೋರ್ಸು ನಮ್ಮದು. ಮನೆಗೆ ಬಾ, ನಾನೇ ಎಲ್ಲ ಪಾಠ ಹೇಳುತ್ತೇನೆ ಎಂದು ಮೇಡಂ ಆಮೇಲೆ ಹೇಳಿಕಳಿಸಿದರು. ಅವನು ಮಳೆಗಾಲ ಮುಗಿಯುವವರೆಗೆ ಬಂದ. ಡಿಗ್ರಿ ಸಿಗದ ಓದಿಗೆ ನಿದ್ದೆಗೆಟ್ಟು ಎಷ್ಟು ದಿನ ಬಂದಾನು? ದೀಪಾವಳಿಯ ನಂತರ ಬರಲಿಲ್ಲ.

ಆ ಆದೇಶದ ವಿರುದ್ಧ ನಾವು ಹೈಕೋರ್ಟಿಗೆ ಹಾಕಿದ ಅರ್ಜಿ ತಾರೀಖಿನಿಂದ ತಾರೀಖಿಗೆ ಹೋಯಿತು. ಇದ್ದ ವಿದ್ಯಾರ್ಥಿಗಳು ಓದು ಮುಗಿಸಿ ಹೋಗುತ್ತಾ ಬಂದರು. ಕೊನೆಯ ವರ್ಷ ಸಾಕ್ಷ್ಯ ಕಾಯಿದೆಯ ಹೆಸರೂ ಬದಲಾಯಿತು, ಸೆಕ್ಷನ್ ನಂಬರುಗಳೂ ಬದಲಾದವು. "ಕಾಲೇಜೂ ಹೋಯ್ತು, ಸೆಕ್ಷನ್ನೂ ಹೋಯ್ತು" ಎನ್ನುತ್ತಲೇ ಮೇಡಂ ಇದ್ದ ನಾಲ್ಕು ಜನಕ್ಕಾಗಿ ಹೊಸದನ್ನು ಪೂರ್ತಿ ಓದಿಕೊಂಡು ಬಂದು ಪಾಠ ಮಾಡಿದರು. ಈಗ ಆ ಕೋಣೆಗಳಲ್ಲಿ ಉತ್ತರಪತ್ರಿಕೆಗಳ ಮೂಟೆ ತುಂಬಿದ್ದಾರೆ.

ನಿವೃತ್ತರಾಗಿ ಸೂರತ್ತಿಗೆ ಅಣ್ಣನ ಮನೆಗೆ ಹೋದ ಮೇಲೆ ಅವರ ಕಿಡ್ನಿ ಕೆಟ್ಟಿತು. ಅಡಾಜಣ್‌ನ ಆ ಫ್ಲ್ಯಾಟಿಗೆ ನಾನು ಹೋದಾಗಲೆಲ್ಲ ಅಣ್ಣನ ಮೊಮ್ಮಕ್ಕಳು ಗುಜರಾತಿಯಲ್ಲಿ "ಫೋಯಿ, ನಿಮ್ಮ ಕನ್ನಡದವರು ಬಂದರು" ಎಂದು ಅತ್ತೆಯಜ್ಜಿಯನ್ನು ಕೂಗುವರು. ಹೋದ ವರ್ಷ, ಡಯಾಲಿಸಿಸ್ ಮಾಡಿಸಿಕೊಂಡು ಬಂದು ಮಲಗಿದ್ದ ಒಂದು ಮಧ್ಯಾಹ್ನ, ಅವರು ನನ್ನನ್ನು ಹತ್ತಿರ ಕೂರಲು ಹೇಳಿದರು.

"ಮನೆಯಲ್ಲಿ ಎಲ್ರೂ ನಾನು ಮಾಡಿದ್ದೇ ಸರಿ ಅಂತಾರೆ. ಕೇಳಿ ಕೇಳಿ ಸಾಕಾಗಿದೆ. ನೀನು ಆ ಲೇತಿನವನ ಪರ ವಾದ ಮಾಡು. ನನ್ನ ವಿರುದ್ಧ."

"ನಾ ಹೆಂಗ ಮಾಡ್ಲಿ ಮೇಡಂ?"

"ಸರಿಯಾಗಿ ಮಾಡು. ಅಳ್ಬೇಡ."

ಮಾಡಿದೆ. ಜೂನ್‌ನಲ್ಲಿ ಸೇರಿಸಿಕೊಳ್ಳುತ್ತೇನೆಂದು ಮಾತು ಕೊಟ್ಟವರು ಏಪ್ರಿಲ್‌ನಲ್ಲಿ ಬಾಗಿಲು ಮುಚ್ಚಿಸಿದರು. ನಿಜ ಹೇಳಿದ ಗೌರವ ಅವರಿಗೆ, ನಷ್ಟ ಇವನಿಗೆ. ಹೇಳುವ ಮುಂಚೆ ಇವನನ್ನು ಒಂದು ಮಾತೂ ಕೇಳಲಿಲ್ಲ. ಮೇಡಂ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿದ ಮೇಲೆ, "ನೀನು ಗೆದ್ದೆ" ಎಂದರು. ಆಮೇಲೆ, "ಈಗ ಹೇಳು, ಅವನಿಗೆ ಎಂತ ಕೊಡಿಸುದು?" ಎಂದು ಕೇಳಿದರು.

ಏನು ಹೇಳಲಿ? ಕಾಲೇಜಿಲ್ಲ, ಸೀಟಿಲ್ಲ, ಹೋದ ವರ್ಷಗಳನ್ನು ಯಾವ ಕೋರ್ಟು ಕೊಡಿಸುತ್ತದೆ? ತರಗತಿಯಲ್ಲಿ ಕಾಯುತ್ತಿದ್ದಂತೆಯೇ ಅವರು ನನ್ನ ಬಾಯಿ ನೋಡುತ್ತಾ ಕಾದರು. ನಿಜವಾಗಿಯೂ ನಾನು ಏನಾದರೂ ಹೇಳುತ್ತೇನೆಂದು ಕಾದರು. ನಾನು ತಲೆ ತಗ್ಗಿಸಿದೆ. "ಅದೇ ಮತ್ತೆ" ಎಂದು ಅವರು ಗೋಡೆಯ ಕಡೆ ಹೊರಳಿದರು.

ತಿಂಗಳೊಳಗೆ ಹೋಗಿಬಿಟ್ಟರು. ನಾನು ವಕೀಲಳಾದದ್ದು, ಹೆದರದೆ ನಾಲ್ಕು ಮಾತಾಡುವುದು, ಈ ಊರಿನಲ್ಲಿ ನನಗೊಂದು ನೆಲೆಯಾದದ್ದು ಎಲ್ಲ ಅವರಿಂದ.

ಲೇತಿನವನಿಗೆ ನಾನೇ ಫೋನು ಮಾಡಿ ತಿಳಿಸಿದ್ದೆ. ಬರುತ್ತಾನೆಂದುಕೊಂಡಿರಲಿಲ್ಲ. ಶಿಫ್ಟು ಬಿಟ್ಟು ಸೂರತ್ತಿಗೆ ಬಂದು, ಸ್ಮಶಾನದಲ್ಲಿ ಎಲ್ಲರ ಹಿಂದೆ ಕೈಕಟ್ಟಿಕೊಂಡು ನಿಂತಿದ್ದ. ತಲೆ ಪೂರ್ತಿ ನರೆತಿತ್ತು. ವಡೋದರಕ್ಕೆ ಒಂದೇ ರೈಲಿನಲ್ಲಿ ವಾಪಸು ಹೊರಟೆವು. ಲೇಬರ್ ಕೋರ್ಟಿನಲ್ಲಿದ್ದ ತಮ್ಮ ಕೇಸು ವಜಾ ಆಯಿತೆಂದೂ, ತೆಗೆದುಹಾಕಿಸಿಕೊಂಡವರಲ್ಲಿ ಇಬ್ಬರು ತೀರಿಕೊಂಡರೆಂದೂ ದಾರಿಯಲ್ಲಿ ಹೇಳಿದ. ಕಿಟಕಿಯ ಹೊರಗೆ ನೋಡುತ್ತಾ, ನನ್ನ ಕಡೆ ತಿರುಗದೆಯೇ ಕೇಳಿದ.

"ಅವತ್ತು ಸಿಟ್ಟಿನಲ್ಲಿ ಬೆನ್‌ಗೆ ಒಂದು ಮಾತು ಅಂದಿದ್ದೆ. ಅದು ಅವರ ಮನಸ್ಸಿನಲ್ಲಿತ್ತಾ?"

"ಇಲ್ಲ ಭಾಯಿ" ಅಂದೆ. "ಅವರಿಗೆ ಅದು ನೆನಪೇ ಇರಲಿಲ್ಲ."

ಅವನು ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ.