ತಾರಿಪಾಡಿಯ ಹನ್ನೊಂದು ಮೀಟರ್

ರಸ್ತೆಯೊಂದು ಆಯಿತೆಂದರೆ ಅದನ್ನು ಮಂಜೂರು ಮಾಡಿದವರ ಹೆಸರು ಕಲ್ಲಿನ ಮೇಲೆ ಬರುತ್ತದೆ, ಉದ್ಘಾಟಿಸಿದವರ ಹೆಸರು ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಬಿಸಿಲಿನಲ್ಲಿ ನಿಂತು ಅದರ ಗೆರೆಯನ್ನು ನೆಲಕ್ಕೆ ಇಳಿಸಿದ ಭೂಮಾಪಕನ ಹೆಸರನ್ನು ಯಾರೂ ಬರೆಯುವುದಿಲ್ಲ, ಅವನ ಅಳತೆ ತಪ್ಪಿದ ದಿನದ ಹೊರತು. ಮಂಗಳೂರಿನ ಭೂಮಾಪನ ಕ್ಷೇತ್ರದಲ್ಲಿ ಮೂವತ್ತೆಂಟು ವರ್ಷ ದುಡಿದು ಇದೇ ಮೇ ಮೂವತ್ತೊಂದರಂದು ನಿವೃತ್ತರಾಗುತ್ತಿರುವ ಶ್ರೀ ಚನಿಯ ಅವರು, ದೇರೆಬೈಲಿನಿಂದ ವಾಮಂಜೂರಿನವರೆಗೆ ಓಡುವ ನಗರ ಹೆದ್ದಾರಿಯ ಗೆರೆಯನ್ನು ಎಳೆದವರು. ಅದನ್ನು ತಪ್ಪಾಗಿ ಎಳೆದವರೂ ಅವರೇ, ತಪ್ಪೆಂದು ಹೇಳಿದವರೂ ಅವರೇ. ಅಭಿನಂದನ ಸಮಿತಿಯವರು ನನ್ನಿಂದ ಕೇಳಿದ್ದು ನಾಲ್ಕು ಒಳ್ಳೆಯ ಮಾತು. ಒಳ್ಳೆಯ ಮಾತಿಗೆ ನನ್ನಲ್ಲಿ ಬಡತನವಿಲ್ಲ, ಆದರೆ ತಾರಿಪಾಡಿಯ ವಿಷಯವನ್ನು ಬಿಟ್ಟು ಬರೆದರೆ ಅದು ಸರ್ ಅವರ ಬಗೆಗಿನ ಲೇಖನವಾಗುವುದಿಲ್ಲ. ಕರಡನ್ನು ಅವರಿಗೆ ತೋರಿಸಿದ್ದೇನೆ. ಒಂದು ಇಸವಿಯನ್ನು ತಿದ್ದಿದರು, ಹೊಗಳಿಕೆಯ ಒಂದು ಪ್ಯಾರಾವನ್ನು ಹೊಡೆದು ಹಾಕಿದರು, ಉಳಿದದ್ದನ್ನು ಮುಟ್ಟಲಿಲ್ಲ.

ಚನಿಯ ಸರ್ ವಾಮಂಜೂರಿನ ಗದ್ದೆ ಬದಿಯ ಕುಟುಂಬದವರು. ಹಿರಿಯರು ಬೇರೆಯವರ ಗದ್ದೆಯಲ್ಲಿ ದುಡಿದವರು. 1987ರಲ್ಲಿ ಅಳತೆಯ ಸರಪಳಿ ಹಿಡಿಯುವ ಕೆಲಸಕ್ಕೆ ಸೇರಿ, ಇಲಾಖೆಯ ಪರೀಕ್ಷೆಗಳನ್ನು ಒಂದೊಂದಾಗಿ ಬರೆದು, ಒಂಬತ್ತು ವರ್ಷಗಳ ಬಳಿಕ ಸರ್ವೇಯರ್ ಆದರು. ಅವರ ಎರಡು ಅಭ್ಯಾಸಗಳು ಕಚೇರಿಯಲ್ಲಿ ಹೆಸರಾದವು. ಟೇಪಿನ ಎರಡೂ ತುದಿಗಳಿಗೆ ತಾವೇ ಹೋಗಿ ನೋಡದ ಹೊರತು ಯಾವ ಅಂಕೆಯನ್ನೂ ಫೀಲ್ಡ್ ಬುಕ್ಕಿನಲ್ಲಿ ಬರೆಯುತ್ತಿರಲಿಲ್ಲ. ಒಂದು ತುದಿ ನೋಡಿ, ಹಿಡಿದವನನ್ನು ಅಲ್ಲೇ ನಿಲ್ಲಿಸಿ, ನಡೆದು ಹೋಗಿ ಇನ್ನೊಂದು ತುದಿ ನೋಡಿ, ಆಮೇಲೆ ಬರೆಯುವುದು. ಏಪ್ರಿಲ್ ಬಿಸಿಲಿನಲ್ಲಿ ಈ ನಡಿಗೆಗೆ ಕಾದು ನಿಂತ ಕಿರಿಯರು ಮನಸ್ಸಿನಲ್ಲಿ ಏನೆಂದುಕೊಂಡರೆಂದು ಇಲ್ಲಿ ಬರೆಯುವುದು ಸಭ್ಯತೆಯಲ್ಲ. ಸರ್ ತಮ್ಮ ಮದುವೆಯ ಚಪ್ಪರವನ್ನೂ ಎರಡು ಸಲ ಅಳೆದಿರಬೇಕೆಂದು ಸಹೋದ್ಯೋಗಿ ಗೇವಿನ್ ಹೇಳುತ್ತಿದ್ದರು.

ಎರಡನೆಯ ಅಭ್ಯಾಸ ನೋಟೀಸಿನದು. ಭೂಸ್ವಾಧೀನದ ನೋಟೀಸಿನ ಭಾಷೆ ಎಂಥದೆಂದು ಪಡೆದವರಿಗೆ ಗೊತ್ತು. ಮನೆ ಹೋಗುತ್ತದೋ ಉಳಿಯುತ್ತದೋ ಎಂಬುದೊಂದನ್ನು ಬಿಟ್ಟು ಉಳಿದೆಲ್ಲವೂ ಅದರಲ್ಲಿರುತ್ತದೆ. ಸರ್ ಪ್ರತಿ ನೋಟೀಸಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ಚಿತ್ರ ಬಿಡಿಸುತ್ತಿದ್ದರು: ಇದು ನಿಮ್ಮ ಮನೆ, ಇದು ಬಾವಿ, ಗೆರೆ ಇಲ್ಲಿಂದ ಹೋಗುತ್ತದೆ. ಹಾಗೆ ಮಾಡಲು ಯಾವ ನಿಯಮವೂ ಹೇಳುವುದಿಲ್ಲ. ಮೇಲಿನವರು ಒಮ್ಮೆ ಆಕ್ಷೇಪಿಸಿದಾಗ ಅವರು ಪೆನ್ಸಿಲನ್ನು ಇನ್ನಷ್ಟು ಚೂಪು ಮಾಡಿಕೊಂಡರೇ ಹೊರತು ಬಿಡಲಿಲ್ಲ.

ಇನ್ನು ರಸ್ತೆ. 1998ರ ಮೊದಲ ನಕ್ಷೆಯಲ್ಲಿ ಅದು ನೆಟ್ಟಗಿತ್ತು. ತಾರಿಪಾಡಿ ಎಂಬಲ್ಲಿ ಆ ಗೆರೆ ಒಂದು ನಾಗಬನದ ದಕ್ಷಿಣದ ಅಂಚನ್ನು ಕತ್ತರಿಸುತ್ತದೆಂದು ನಕ್ಷೆ ತೋರಿಸಿತು. ಬನಕ್ಕೆ ಕೈಹಾಕಬಾರದೆಂದು ಊರು ಎದ್ದು ನಿಂತಿತು, ಅದು ಸಹಜ. ಆರು ವರ್ಷ ಅರ್ಜಿ, ಸಭೆ, ಮೆರವಣಿಗೆಗಳಾಗಿ 2004ರಲ್ಲಿ ಗೆರೆಯನ್ನು ದಕ್ಷಿಣಕ್ಕೆ ಬಾಗಿಸಿದರು. ಬಾಗಿದ ಗೆರೆ ಆರು ಮನೆಗಳ ಮೇಲೆ ಬಂತು. ಆರೂ ಬ್ಯಾರಿ ಮುಸ್ಲಿಮರ ಮನೆ. ಆಮೇಲೆ ಊರಿನಲ್ಲಿ ಏನೇನು ಮಾತು ಬಂತೆಂದು ವಿವರಿಸಬೇಕಾಗಿಲ್ಲ, ಊರ ಬಾಯಿಗೆ ಮುಚ್ಚಳವಿಲ್ಲ. ಬೇಕೆಂದೇ ಬಾಗಿಸಿದ್ದು ಎಂದು ಇವರು, ದೇವರ ಜಾಗದ ಲೆಕ್ಕವೇ ಬೇರೆ ಎಂದು ಅವರು. ಒಂದೇ ಬಾವಿಯ ನೀರು ಕುಡಿದವರು ಒಬ್ಬರ ಮದುವೆಗೆ ಒಬ್ಬರು ಹೋಗುವುದನ್ನು ಬಿಟ್ಟರು.

ಆರರಲ್ಲಿ ಒಂದು ನನ್ನ ಅಜ್ಜಿ ರುಖಿಯಾ ಅವರ ಮನೆ, ನಾನು ಹುಟ್ಟಿ ಬೆಳೆದದ್ದು. ಅಂಗಳದಲ್ಲಿ ಗುರುತಿನ ಕಲ್ಲು ಹಾಕಿದ ದಿನ ನನಗೆ ಹದಿಮೂರು ವರ್ಷ. ಹಾಕಿಸಿದವರು ಚನಿಯ ಸರ್. ಆ ಕೈ ಮುರಿದುಹೋಗಲಿ ಎಂದು ಅಜ್ಜಿ ಪ್ರತಿದಿನ ನಮಾಜು ಮುಗಿಸಿ ಎದ್ದ ಮೇಲೆ ಹೇಳುತ್ತಿದ್ದರು; ನಮಾಜಿನ ಒಳಗೆ ಹೇಳುವಷ್ಟು ಅವಿವೇಕಿಯಲ್ಲ. ಮಗಳೇ ಎಂಬರ್ಥದಲ್ಲಿ ನನ್ನನ್ನು ಮೋಳೆ ಎಂದು ಕರೆಯುವ ಪಕ್ಕದ ಮನೆಯ ಮಮ್ಮುಕಾಕ ಎಂಟು ವರ್ಷ ಕೋರ್ಟು ಅಲೆದು ಸಾಕಾಗಿ 2012ರಲ್ಲಿ ಮನೆ ಬಿಟ್ಟುಕೊಟ್ಟು ವಾಮಂಜೂರಿಗೆ ಹೋದರು. ಅರ್ಧ ದಿನದಲ್ಲಿ ಅದನ್ನು ಕೆಡವಿದರು. ಅಜ್ಜಿ ಬಿಡಲಿಲ್ಲ, ಉಳಿದ ನಾಲ್ವರೂ ಅಜ್ಜಿಯ ಹಿಂದೆ ನಿಂತರು.

ನಾನು 2014ರಲ್ಲಿ ಇದೇ ಇಲಾಖೆಗೆ ಸೇರಿದೆ. ಸಂದರ್ಶನದಲ್ಲಿ ಭೂಮಾಪನದಲ್ಲಿ ಆಸಕ್ತಿ ಎಂದಿದ್ದೆ. ನಿಜವೇನೆಂದರೆ ಗೆರೆ ಬಾಗಿಸಿದವರನ್ನು ಹಿಡಿಯಬೇಕೆಂದು ಬಂದವಳು ನಾನು. ನನ್ನನ್ನು ಚನಿಯ ಸರ್ ಅವರ ಕೈಕೆಳಗೇ ಹಾಕಿದರು. ಯಾರ ಕೈ ಮುರಿಯಲಿ ಎಂದು ಹತ್ತು ವರ್ಷ ಕೇಳಿ ಬೆಳೆದೆನೋ ಅದೇ ಕೈ ನನಗೆ ಅಳತೆಯ ಯಂತ್ರವನ್ನು ಮಟ್ಟ ಮಾಡಲು ಕಲಿಸಿತು. ಒಮ್ಮೆ ನಾನು ಫೀಲ್ಡ್ ಬುಕ್ಕಿನಲ್ಲಿ ತಪ್ಪಿದ ಅಂಕೆಯನ್ನು ರಬ್ಬರಿನಿಂದ ಉಜ್ಜಿದೆ. ದೂರು ಬರೆಯಬಹುದಾಗಿದ್ದ ತಪ್ಪು ಅದು. ಅವರು ಬರೆಯಲಿಲ್ಲ, ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ತಪ್ಪಿದ್ದೂ ಓದಲು ಸಿಗಬೇಕು ಎಂದು ಹೇಳಿಕೊಟ್ಟರು. ನನಗೆ ಅವರ ಮೇಲೆ ಗೌರವ ಬರತೊಡಗಿತ್ತು. ಅದರಿಂದ ನನಗೆ ಸಿಟ್ಟೂ ಬರುತ್ತಿತ್ತು.

2016ರಲ್ಲಿ ನ್ಯಾಯಾಲಯ ತಾರಿಪಾಡಿಯನ್ನು ಹೊಸದಾಗಿ ಅಳೆದು ಊರವರ ಮುಂದೆ ವಿಚಾರಣೆ ನಡೆಸಲು ಆದೇಶಿಸಿತು. ಕೆಲಸ ನಮ್ಮ ತಂಡಕ್ಕೆ ಬಂತು. ಅದೇ ವಾರ ದಾಖಲೆ ಕೋಣೆಯಲ್ಲಿ 1998ರ ಫೀಲ್ಡ್ ಬುಕ್ ನನಗೆ ಸಿಕ್ಕಿತು. ಬನದ ಪುಟದಲ್ಲಿ ಮೂರು ಬದಿಗಳಿಗೆ ಅಂಕೆಯ ಜೊತೆಗೆ ತಾಳೆ ನೋಡಿದ ಗುರುತುಗಳಿದ್ದವು. ಉತ್ತರದ ಅಂಚಿನಿಂದ ದಕ್ಷಿಣದ ಅಂಚಿಗೆ ಇರುವ ದೂರಕ್ಕೆ ಮಾತ್ರ ಬರೇ ಮೂವತ್ತು ಮೀಟರ್ ಎಂದಿತ್ತು, ತಾಳೆಯ ಗುರುತಿಲ್ಲ. ಅಳೆಯದೆ ಬರೆದ ಅಂಕೆಯ ಪಕ್ಕ ‘ಅಂದಾಜು’ ಎಂದು ಬರೆಯುವುದು ಕಡ್ಡಾಯ. ಆ ಪದವೂ ಇರಲಿಲ್ಲ. ಕೆಳಗೆ ಚನಿಯ ಸರ್ ಸಹಿ. ಪುಟದ ನಕಲು ತೆಗೆದು ಚೀಲದಲ್ಲಿಟ್ಟುಕೊಂಡೆ. ನಮ್ಮ ವಕೀಲರಿಗೆ ಕೊಡುವುದೆಂದು ನಿಶ್ಚಯಿಸಿದ್ದೆ.

ಬನವನ್ನು ಅಳೆಯಲು ಸರ್ ತಂಬಿಲದ ಮಾರನೆಯ ದಿನವನ್ನು ಆರಿಸಿದರು. ವರ್ಷಕ್ಕೊಮ್ಮೆ ನಾಗನಿಗೆ ಪೂಜೆ ನಡೆಯುವ ಆ ಹೊತ್ತಿಗೆ ಮಾತ್ರ ಬನದ ದಾರಿ ಬಿಡಿಸಿರುತ್ತಾರೆ, ಉಳಿದಂತೆ ಅಲ್ಲಿ ಒಂದು ಎಲೆಯನ್ನೂ ಯಾರೂ ಕೀಳುವುದಿಲ್ಲ. ಬನ ಸೇರಿದ್ದು ಅಮ್ಮಣಿಯಕ್ಕ ಎಂಬ ಎಪ್ಪತ್ತು ದಾಟಿದವರ ಮನೆಗೆ. ಸರ್ ಬಿಳಿ ಪಂಚೆಯಲ್ಲಿ ಬಂದು, ಚಪ್ಪಲಿ ದೂರ ಬಿಟ್ಟು, ಅಂಚಿನಲ್ಲೇ ನಿಂತು ಯಂತ್ರ ಹೂಡತೊಡಗಿದರು. ಅಮ್ಮಣಿಯಕ್ಕ ಹತ್ತಿರ ಬಂದರು.

“ಚನಿಯಣ್ಣ, ಹೊರಗೆ ನಿಂತು ಅಳೆದದ್ದು ಸಾಕು,” ಎಂದರು. “ಮಿಂದು ಬಂದಿದ್ದೀರಲ್ಲ, ಒಳಗೆ ಬನ್ನಿ.”

ಸರ್ ತಕ್ಷಣ ಹೆಜ್ಜೆ ಎತ್ತಲಿಲ್ಲ. “ಆ ಸಲವೂ ಮಿಂದೇ ಬಂದಿದ್ದೆ ಅಕ್ಕ,” ಎಂದಷ್ಟೇ ಹೇಳಿ, ಆಮೇಲೆ ಒಳಗೆ ಹೋದರು. ಅಮ್ಮಣಿಯಕ್ಕ ತಾವೇ ಅಳತೆಯ ಕೋಲು ಹಿಡಿದರು. ದಕ್ಷಿಣಕ್ಕೆ ದಟ್ಟವಾದ ಕೇದಗೆಯ ಪೊದೆ. ಬನ ಎಲ್ಲಿ ಮುಗಿದು ಪೊದೆ ಎಲ್ಲಿ ಶುರುವಾಗುತ್ತದೆಂದು ಹೊರಗಿನಿಂದ ಯಾರಿಗೂ ತಿಳಿಯದು. ಒಳಗಿನಿಂದ ನೋಡಿದರೆ ಬನದ ಗಡಿಗಿಟ್ಟ ಹಳೆಯ ಮುರಕಲ್ಲಿನ ಸಾಲು ಸ್ಪಷ್ಟವಾಗಿತ್ತು. ಉತ್ತರದ ಅಂಚಿನಿಂದ ಆ ಸಾಲಿಗೆ ಹತ್ತೊಂಬತ್ತು ಮೀಟರ್. ಸರ್ ಎರಡೂ ತುದಿಗೆ ಹೋಗಿ ನೋಡಿದರು, ಮೂರು ಸಲ ಅಳೆದರು. ಹತ್ತೊಂಬತ್ತೇ. ಮೊದಲಿನ ನೆಟ್ಟನೆಯ ಗೆರೆ ಬನವನ್ನು ಮುಟ್ಟುವುದೇ ಇಲ್ಲ, ಪೊದೆಯಲ್ಲಿ ಹಾದು ಹೋಗುತ್ತದೆ. ಹದಿನೆಂಟು ವರ್ಷ ಊರನ್ನು ಎರಡು ಮಾಡಿದ್ದು ಇಲ್ಲದ ಹನ್ನೊಂದು ಮೀಟರ್.

ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಸರ್ ನನಗೆ ಹೇಳಿದರು. 1998ರಲ್ಲಿ ಅವರನ್ನು ಬನದೊಳಗೆ ಬಿಡಲಿಲ್ಲ. ಸರ್ ಅವರ ಜಾತಿಯವರು ಅಂಚಿನ ಹೊರಗೇ ನಿಲ್ಲಬೇಕೆಂಬುದು ಅಮ್ಮಣಿಯಕ್ಕನ ಮನೆಯ ಹಿರಿಯರ ಕ್ರಮ, ಸರಕಾರಿ ನೌಕರನಾದರೂ ಅದು ಬದಲಾಗಿರಲಿಲ್ಲ. ಟೇಪಿನ ತುದಿ ಹಿಡಿದು ಒಳಗೆ ಹೋಗಬೇಕಿದ್ದ ಅಮ್ಮಣಿಯಕ್ಕನ ಮಾವ ಅಂದು ಮಿಂದಿರಲಿಲ್ಲ, ಹಾಗಾಗಿ ಅವರೂ ಹೋಗಲಿಲ್ಲ. ಪೊದೆಯ ಕಡೆ ಕೈ ತೋರಿಸಿ ಮೂವತ್ತು ಹಾಕು ಎಂದರು. ಸರ್ ಹಾಕಿದರು.

“ಅಂದಾಜು ಅಂತ ಬರೆದಿದ್ರೆ ಒಳಗೆ ಯಾಕೆ ಹೋಗಲಿಲ್ಲ ಅಂತ ಮೇಲಿನವರು ಕೇಳ್ತಿದ್ರು,” ಎಂದರು. “ನನ್ನನ್ನು ಬಿಡಲಿಲ್ಲ ಅಂತ ಹೇಳ್ಲಿಕ್ಕೆ ನನಗೆ ನಾಚಿಕೆ ಆಯ್ತು. ಅದಕ್ಕೆ ಬರೀಲಿಲ್ಲ.”

ಆಗ ನಾನು ಚೀಲದಿಂದ ನಕಲು ತೆಗೆದು ತೋರಿಸಿದೆ, ಯಾವ ಉದ್ದೇಶಕ್ಕೆ ತೆಗೆದೆನೆಂದೂ ಹೇಳಿದೆ. ಅವರು ಓದಿ ಮಡಚಿ ನನಗೇ ಹಿಂದೆ ಕೊಟ್ಟರು. “ಇಟ್ಟುಕೊಳ್ಳಿ ಫಾಯಿಝಾ. ವಿಚಾರಣೆಗೆ ಬೇಕಾಗ್ತದೆ.”

ಎರಡು ತುದಿಗೂ ನಡೆಯುವ ಆ ಅಭ್ಯಾಸ ಎಲ್ಲಿಂದ ಬಂತೆಂದು ನನಗೆ ಅರ್ಥವಾದದ್ದು ಆ ದಿನ. ನನಗೆ ದುಃಖವಾಯಿತು. ಅವರಿಗಾಗಿಯೋ ಅಜ್ಜಿಗಾಗಿಯೋ ಎಂದು ಬೇರ್ಪಡಿಸಿ ಹೇಳಲಾರೆ.

ವಿಚಾರಣೆಯ ಮೊದಲು ಅವರು ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಕೂತು ಅಜ್ಜಿಗೆ ಎಲ್ಲವನ್ನೂ ಹೇಳಿದರು. ಅಜ್ಜಿ ಅಂಗಳದ ಕಲ್ಲಿನ ಕಡೆ ಕೈ ತೋರಿಸಿದರು. “ಹನ್ನೆರಡು ವರ್ಷ ನಿಮ್ಮ ಕೈಗೆ ಶಾಪ ಹಾಕಿದ್ದೇನೆ,” ಎಂದರು. “ಈಗ ಎದುರಿಗೆ ಬಂದು ಹೇಳ್ತೀರಿ. ನಾನು ಎಂತ ಮಾಡುವುದು? ಚಾ ಕುಡೀತೀರಾ?” ಸರ್ ಕುಡಿದರು. ಸಕ್ಕರೆ ಹಾಕಿರಲಿಲ್ಲ. ಮರೆತದ್ದೋ ಅಲ್ಲವೋ ಎಂದು ಅಜ್ಜಿ ಕೊನೆಯವರೆಗೂ ಹೇಳಲಿಲ್ಲ.

ಬಲ್ಮಠದ ಸಭಾಂಗಣದಲ್ಲಿ ವಿಚಾರಣೆ ನಡೆಯಿತು. ಎರಡೂ ಕಡೆಯವರು ಎರಡು ಬದಿಗೆ ಕೂತಿದ್ದರು, ಹೊರಗೆ ಪೊಲೀಸರಿದ್ದರು. ಸರ್ ಹೊಸ ಅಳತೆಯನ್ನು ಓದಿ, 1998ರ ಅಂಕೆ ತಾನು ಅಳೆಯದೆ ಬರೆದದ್ದೆಂದು ಹೇಳಿ ಕೂತರು. ಯಾಕೆ ಅಳೆಯಲಿಲ್ಲ ಎಂಬುದನ್ನು ಅಲ್ಲಿಯೂ ಹೇಳಲಿಲ್ಲ. ಅದನ್ನು ಹೇಳಿದ್ದು ಅಮ್ಮಣಿಯಕ್ಕ. ಕರೆಯದೆಯೇ ಎದ್ದು ನಿಂತು, “ಒಳಗೆ ಬರಬೇಡ ಅಂದದ್ದು ನಮ್ಮ ಮಾವ. ಅದನ್ನೂ ಬರ್ಕೊಳ್ಳಿ. ಇವರದ್ದೊಂದೇ ತಪ್ಪು ಅಂತ ಬರೀಬೇಡಿ,” ಎಂದರು. ಬರೆದುಕೊಂಡರು. ಸಭೆಯಿಂದ ಹೊರಟಾಗ ಎರಡು ಬದಿಯ ಹೆಂಗಸರು ಒಂದೇ ಬಸ್ಸು ಹಿಡಿದರು, ಮಾತು ಹೆಚ್ಚೇನೂ ಆಗಲಿಲ್ಲ.

ಗೆರೆ ನೆಟ್ಟಗಾಯಿತು. 2019ರಲ್ಲಿ ಆದೇಶ ಬಂದಾಗ ಅಂಗಳದ ಕಲ್ಲನ್ನು ಸರ್ ತಾವೇ ಬಂದು ಕೀಳಿಸಿದರು. ಅಜ್ಜಿ ಅದರ ಬಳಿಕ ನಾಲ್ಕು ವರ್ಷ ಅದೇ ಮನೆಯಲ್ಲಿ ಬದುಕಿದರು. ಸರ್ ಅವರ ಮೇಲೆ ಇಲಾಖಾ ತನಿಖೆ ನಡೆದು ಬಡ್ತಿ ತಪ್ಪಿತು, ಕೈಕೆಳಗಿನವರು ಮೇಲಧಿಕಾರಿಗಳಾಗಿ ಬಂದರು. ಅದರ ಬಗ್ಗೆ ಅವರಾಡಿದ ಒಂದು ಮಾತೂ ನನಗೆ ನೆನಪಿಲ್ಲ, ಆಡಿರಲಿಕ್ಕಿಲ್ಲ.

ಮಮ್ಮುಕಾಕನ ಮನೆ ಮಾತ್ರ ಹೋದದ್ದು ಹೋಯಿತು. ಈಗ ಅಲ್ಲಿ ಮನೆಯೂ ಇಲ್ಲ, ರಸ್ತೆಯೂ ಇಲ್ಲ. ಈ ಸಂಪುಟಕ್ಕೆ ಎರಡು ಮಾತು ಬರೆಯಿರೆಂದು ಸಮಿತಿಯವರು ಅವರನ್ನೂ ಕೇಳಿದ್ದರು, ಆಗುವುದಿಲ್ಲ ಎಂದರು. ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ, ಸರ್ ಕೂಡ ಇದೊಂದು ಸಾಲಿರಲಿ ಎಂದರು.

ಕಳೆದ ತಿಂಗಳು ಮಮ್ಮುಕಾಕ ನಮ್ಮ ಕಚೇರಿಗೆ ಬಂದರು. ಹೆದ್ದಾರಿಯ ವಾಮಂಜೂರಿನ ತುದಿಯಲ್ಲಿ ಕೂಡುರಸ್ತೆಗೆ ಜಾಗ ಬೇಕಂತೆ, ಅವರ ಹೊಸ ಮನೆಯ ಅಂಗಳಕ್ಕೆ ಕಲ್ಲು ಬಿದ್ದಿದೆ. ಕೈಯಲ್ಲಿದ್ದ ನೋಟೀಸನ್ನು ನನ್ನ ಮೇಜಿನ ಮೇಲೆ ತಿರುವಿ ಇಟ್ಟರು. ಹಿಂಬದಿ ಖಾಲಿ ಇತ್ತು.

“ಇದರಲ್ಲಿ ಚಿತ್ರವೇ ಇಲ್ಲ,” ಎಂದರು. “ಆ ಚನಿಯರಿಗೆ ರಿಟೈರ್ಡ್ ಆಗ್ತದಂತೆ, ಹೌದಾ? ಒಮ್ಮೆ ಬಂದು ಅಳೆದು ಹೇಳಲಿ. ಕ್ಷಮಿಸಿದ್ದೇನೆ ಅಂತ ಹೇಳ್ಬೇಡ ಮೋಳೆ. ಬೇರೆಯವರು ಅಳೆದದ್ದು ನನಗೆ ನಂಬಿಕೆ ಇಲ್ಲ, ಅಷ್ಟೇ.”

ಸರ್ ಅವರಿಗೆ ಇದನ್ನು ಮಾತು ಬದಲಿಸದೆ ತಿಳಿಸಿದೆ. ಎಷ್ಟು ಗಂಟೆಗೆ ಹೋಗಬೇಕೆಂದು ಕೇಳಿದರು.

ಚನಿಯ ಸರ್ ನೂರು ಕಾಲ ಬಾಳಲಿ, ಅವರ ಕಣ್ಣು ಮತ್ತು ಮೊಣಕಾಲುಗಳು ಅವರ ಮಾತನ್ನು ಕೇಳುತ್ತಿರಲಿ ಎಂದು ಹಾರೈಸುತ್ತೇನೆ. ಅದು ಬರೇ ಪದ್ಧತಿಯ ಹಾರೈಕೆಯಲ್ಲ, ಕೆಲಸ ಬಾಕಿ ಇದೆ. ಶನಿವಾರ ಸಂಜೆ ನಾವೆಲ್ಲ ಅವರಿಗೆ ಶಾಲು ಹೊದೆಸುತ್ತೇವೆ. ಭಾನುವಾರ ಬೆಳಿಗ್ಗೆ ಏಳಕ್ಕೆ ವಾಮಂಜೂರಿನ ಆ ಅಂಗಳದಲ್ಲಿ ಟೇಪಿನ ಒಂದು ತುದಿಯನ್ನು ಮಮ್ಮುಕಾಕ ಹಿಡಿದಿರುತ್ತಾರೆ, ಇನ್ನೊಂದನ್ನು ಸರ್.