ಪೆಟ್ಟಿಗೆ ಬಿಚ್ಚಿಟ್ಟ ಹಿಸ್ಕೆ

ಗೊರೆಡೈಕ್ ಊರಿನ ಹಿಸ್ಕೆ ಪೋಸ್ಟ್ಮಾಗೆ ಒಂದು ಜಂಬವಿತ್ತು. ಯಾರ ಮುಖ ನೋಡಿದರೂ ಅವರಿಗೆ ಏನು ಇಷ್ಟ ಅಂತ ಹೇಳಬಲ್ಲೆ ಅನ್ನುವ ಜಂಬ. ಇಂಥದ್ದನ್ನು ಇಟ್ಟುಕೊಂಡು ಮನೆಯಲ್ಲಿ ಕೂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ, ಆದರೆ ಅವಳ ಹೊಟ್ಟೆಪಾಡೇ ಅದರ ಮೇಲೆ ನಿಂತಿತ್ತು. ಡಿಸೆಂಬರ್ ಬಂತೆಂದರೆ ಸುತ್ತಲಿನ ಕಚೇರಿ, ಕಾರ್ಖಾನೆಗಳವರು ತಮ್ಮ ಕೆಲಸಗಾರರಿಗೆ ಕೊಡುವ ಕ್ರಿಸ್‌ಮಸ್ ಪೆಟ್ಟಿಗೆಗಳನ್ನು ತುಂಬಿ ಕಳಿಸುವವಳು ಅವಳು. ಅಪ್ಪನ ದಿನಸಿ ಅಂಗಡಿಯ ಹಿಂಬದಿಯಲ್ಲಿ ಶುರುವಾದ ವ್ಯಾಪಾರ. ಅಪ್ಪನದು ಒಂದೇ ನಿಯಮ: ಸಾಹೇಬನಿಗೂ ನೆಲ ಒರೆಸುವವನಿಗೂ ಒಂದೇ ಪೆಟ್ಟಿಗೆ. ಆ ನಿಯಮ ಈ ಕಥೆ ಹೇಳುವ ನನಗೂ ಇಷ್ಟವೇ. ಆದರೆ ಪೆಟ್ಟಿಗೆಯೊಳಗೆ ಏನಿರಬೇಕು ಅನ್ನುವುದನ್ನು ಅಪ್ಪ, ಆಮೇಲೆ ಮಗಳು, ತಾವೇ ನಿರ್ಧರಿಸುತ್ತಿದ್ದರು. ಲವಂಗ ಹಾಕಿದ ಚೀಸು, ಸಕ್ಕರೆ ಬ್ರೆಡ್ಡು, ಒಂದು ಮೇಣದಬತ್ತಿ, ಮತ್ತೆ ಚೀಸಿನ ಜೊತೆ ನೆಂಚಿಕೊಳ್ಳಲು ಹಿಸ್ಕೆಯೇ ಹುಡುಕಿ ತರಿಸಿದ ಅಂಜೂರದ ಗೊಜ್ಜು. ಆ ಗೊಜ್ಜಿನ ಮೇಲೆ ಅವಳಿಗೆ ಎಲ್ಲಿಲ್ಲದ ಅಭಿಮಾನ.

ಅವಳ ಎಲ್ಲಕ್ಕಿಂತ ದೊಡ್ಡ ಗಿರಾಕಿ ಹತ್ತಿರದ ಊರಾದ ಹೇರೆನ್‌ಫೇನಿನ ಗೃಹಶುಶ್ರೂಷಾ ಸಂಘ. ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ ಮುದುಕರಿಗೆ ಸ್ನಾನ ಮಾಡಿಸುವ, ಔಷಧಿ ಕೊಡುವ ನರ್ಸುಗಳ ಸಂಘ ಅದು. ಆ ವರ್ಷ ಪೆಟ್ಟಿಗೆಗಳನ್ನು ಇಳಿಸಿ ಮುಗಿಸಿದ ಮೇಲೆ ಅಲ್ಲಿನ ಹೊಸ ಮ್ಯಾನೇಜರ್ ಯೊರಿಂದೆ ಅವಳನ್ನು ಕರೆದು ಕಾಫಿ ಕೊಟ್ಟಳು. ಕಾಫಿ ಕೊಟ್ಟ ರೀತಿಯಲ್ಲೇ ಏನೋ ಎಡವಟ್ಟಿದೆ ಅಂತ ಹಿಸ್ಕೆಗೆ ಅನ್ನಿಸಿತು. ಮುಂದಿನ ವರ್ಷದಿಂದ ಪೆಟ್ಟಿಗೆ ಬೇಡ, ವೆಬ್‌ಸೈಟಿನಲ್ಲಿ ಅವರವರಿಗೆ ಬೇಕಾದ್ದನ್ನು ಅವರವರೇ ಆರಿಸಿಕೊಳ್ಳಲಿ, ಮನೆಗೇ ಬರುತ್ತದೆ ಎಂದಳು ಯೊರಿಂದೆ. ಜಗಳಕ್ಕೆ ಅಂತ ಹೇಳಿದ್ದಲ್ಲ, ಮುಖಕ್ಕೆ ಮುಖ ಕೊಟ್ಟು ಹೇಳಿದ್ದು, ಅಷ್ಟೆ.

ಹಿಸ್ಕೆ ತನ್ನ ಶೆಡ್ಡಿಗೆ ವಾಪಸು ಬಂದವಳೇ ಟೆಟ್ಟಿಯ ಮುಂದೆ ಹಾರಾಡಿದಳು. ಟೆಟ್ಟಿ ಅವಳ ಶಾಲೆಯ ಗೆಳತಿ, ಈಗ ಶೆಡ್ಡಿನಲ್ಲಿ ಪೆಟ್ಟಿಗೆ ತುಂಬುವವಳು. ಈ ಗಿರಾಕಿ ತಪ್ಪಿದರೆ ಶೆಡ್ಡಿಗೆ ಬೀಗ ಬೀಳುತ್ತದೆ, ಟೆಟ್ಟಿಯ ಕೆಲಸವೂ ಹೋಗುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು.

"ಉಡುಗೊರೆ ಅಂದ್ರೆ ಯಾರೋ ನಮ್ಮನ್ನ ನೆನೆಸ್ಕೊಂಡು ತಂದಿದ್ದು ಕಣೇ. ಅವರೇ ಆರಿಸ್ಕೊಳ್ಳೋದಾದ್ರೆ ಅದು ಉಡುಗೊರೆ ಹೆಂಗಾಗತ್ತೆ? ಸಂತೆ ಆಗತ್ತೆ," ಎಂದಳು ಹಿಸ್ಕೆ.

ಟೆಟ್ಟಿ ಟೇಪು ಹರಿಯುತ್ತಲೇ ಹೇಳಿದಳು: "ಚಿಕ್ಕವರಿದ್ದಾಗ ಡಿಸೆಂಬರಲ್ಲಿ ಉಡುಗೊರೆ ತರೋ ಸಿಂಟರ್‌ಕ್ಲಾಸ್ ತಾತಂಗೆ ಇಂಥದ್ದೇ ಬೇಕು ಅಂತ ಬರೆದು ಶೂ ಒಳಗೆ ಇಡ್ತಿರಲಿಲ್ವಾ? ನೀನಂತೂ ಬಣ್ಣ ಯಾವ್ದು ಅಂತಾನೂ ಬರೀತಿದ್ದೆ."

ಹಿಸ್ಕೆ ಪೊರಕೆ ಹಿಡಿದು ಗುಡಿಸಲು ನಿಂತಳು.

ಜನವರಿಯಲ್ಲಿ ಮಿಕ್ಕ ಸಾಮಾನನ್ನು ಆಹಾರ ಬ್ಯಾಂಕಿಗೆ ಕೊಟ್ಟು ಬರುವುದು ಅವಳ ರೂಢಿ. ಉಳ್ಳವರು ಕೊಟ್ಟ ದಿನಸಿಯನ್ನು ಕಷ್ಟದಲ್ಲಿರುವವರಿಗೆ ಹಂಚುವ ಜಾಗ ಅದು. ಯಾವಾಗಲೂ ಬಾಗಿಲಲ್ಲೇ ಕೊಟ್ಟು ಬರುತ್ತಿದ್ದಳು, ಆ ಸಲ ಡಬ್ಬ ಭಾರ ಅಂತ ಒಳಗೇ ಹೊತ್ತುಕೊಂಡು ಹೋದಳು. ಒಂದು ಇಡೀ ಕಪಾಟಿನ ತುಂಬ ಅವಳ ಅಂಜೂರದ ಗೊಜ್ಜು. ಸೀಲು ಒಡೆದಿರಲಿಲ್ಲ. ಕೆಲವಕ್ಕೆ ಅವಳೇ ಕಟ್ಟಿದ ಕೆಂಪು ರಿಬ್ಬನ್ನೂ ಹಾಗೇ ಇತ್ತು.

"ಪೆಟ್ಟಿಗೆ ಸಿಕ್ಕೋರು ಪ್ರತಿ ವರ್ಷ ತಂದು ಹಾಕ್ತಾರೆ," ಎಂದ ಅಲ್ಲಿ ಸೇವೆಗೆ ನಿಂತಿದ್ದ ಮುದುಕ, ಇವಳು ಯಾರೆಂದು ತಿಳಿಯದೆ. "ಇಲ್ಲಿಗೆ ಬರೋರೂ ಮುಟ್ಟಲ್ಲ. ಪಾಪ, ಅವರಿಗೂ ನಾಲಿಗೆ ಇದೆಯಲ್ಲ."

ಹಿಸ್ಕೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಕ್ಷಣ ಹೊರಡಬೇಕೆಂದವಳು ಹೊರಡಲಿಲ್ಲ, ಯಾಕೆಂದರೆ ಪಕ್ಕದ ಸಾಲಿನಲ್ಲಿ ಒಬ್ಬ ಹೆಂಗಸು ಬಿಸ್ಕತ್ತಿನ ಪೊಟ್ಟಣ ಎತ್ತಿ, ತಿರುಗಿಸಿ, ಇಟ್ಟು, ಇನ್ನೊಂದನ್ನು ಎತ್ತಿಕೊಂಡಳು. ಅಲ್ಲಿ ಜನ ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಳ್ಳುತ್ತಿದ್ದರು. ಆ ಹೆಂಗಸಿನ ಬೆನ್ನು ಆ ಕ್ಷಣ ನೆಟ್ಟಗಾಯಿತು. ಕೊಟ್ಟಿದ್ದನ್ನು ಇಸಕೊಂಡು ಹೋಗುವವರ ಬೆನ್ನಲ್ಲ ಅದು. ಇಷ್ಟು ವರ್ಷ ನಾನು ಕೊಟ್ಟೆ ಕೊಟ್ಟೆ ಅಂತ ಬೀಗಿದ್ದು ಯಾವುದಕ್ಕೆ ಅಂತ ಹಿಸ್ಕೆಗೆ ನಾಚಿಕೆಯಾಯಿತು.

ಮಾರನೆಯ ದಿನವೇ ಯೊರಿಂದೆಗೆ ಫೋನು ಮಾಡಿದಳು. ಪೆಟ್ಟಿಗೆ ಬೇಡ, ಒಪ್ಪಿದೆ. ಆದರೆ ಪರದೆ ಮೇಲಿನ ಚಿತ್ರ ನೋಡಿ ಆರಿಸುವುದಕ್ಕಿಂತ ಕೈಯಲ್ಲಿ ಹಿಡಿದು, ಮೂಸಿ ನೋಡಿ ಆರಿಸಲಿ, ನಿಮ್ಮ ಕ್ಯಾಂಟೀನನ್ನು ಒಂದು ದಿನ ನನಗೆ ಕೊಡಿ ಎಂದಳು. ಯೊರಿಂದೆ, ಒಂದೇ ಒಂದು ಸಲ, ನಡೆಯದಿದ್ದರೆ ವೆಬ್‌ಸೈಟೇ ಗತಿ ಎಂದಳು.

ಡಿಸೆಂಬರಿನಲ್ಲಿ ಹಿಸ್ಕೆಯೂ ಟೆಟ್ಟಿಯೂ ಕ್ಯಾಂಟೀನಿನ ಉದ್ದಕ್ಕೂ ಮೇಜು ಹಾಕಿ ಸಾಮಾನು ಹರಡಿದರು. ಉಣ್ಣೆಯ ಕಾಲುಚೀಲ, ಟಾರ್ಚು, ಸೋಪು, ಗಿಡ, ಬಗೆಬಗೆಯ ಚೀಸು, ಪುಟ್ಟ ಪುಟ್ಟ ಪಾತ್ರೆಗಳು. ಎಲ್ಲರ ಕೈಗೂ ಒಂದೇ ಲೆಕ್ಕದಲ್ಲಿ ಮರದ ಬಿಲ್ಲೆಗಳು, ಸಾಹೇಬರಿಗೂ ಅಷ್ಟೇ. ಒಂದು ಬಿಲ್ಲೆ ಬುಟ್ಟಿಗೆ ಹಾಕಿದರೆ ಒಂದು ಸಾಮಾನು. ಹಠಕ್ಕೆ ಬಿದ್ದು ಅಂಜೂರದ ಗೊಜ್ಜಿನ ಕೆಲವು ಬಾಟಲಿಗಳನ್ನೂ ಇಟ್ಟಿದ್ದಳು ಹಿಸ್ಕೆ.

ಬಾಗಿಲು ತೆರೆಯಿತು. ನರ್ಸುಗಳು ಬಂದರು, ಕಾಫಿ ತಗೊಂಡರು, ಗೋಡೆಗೆ ಒರಗಿ ನಿಂತರು. ಒಬ್ಬರೂ ಮೇಜಿನ ಹತ್ತಿರ ಬರಲಿಲ್ಲ. ಕಾಫಿಗೆ ಒಂದೇ ಬಿಸ್ಕತ್ತು ತಗೊಂಡು ಡಬ್ಬದ ಮುಚ್ಚಳ ಹಾಕುವ ಈ ಕಡೆಯ ಜನ ನಾವು; ಎಲ್ಲರ ಕಣ್ಣೆದುರು ಮೊದಲು ಕೈ ಚಾಚಿ ಆಸೆಬುರುಕರು ಅನ್ನಿಸಿಕೊಳ್ಳಲು ಯಾರಿಗೆ ಬೇಕಾಗಿದೆ? ಇದನ್ನು ಅವಳು ಯೋಚಿಸಿಯೇ ಇರಲಿಲ್ಲ. ಯೊರಿಂದೆ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದಳು.

ಟೆಟ್ಟಿ ಪಿಸುಗುಟ್ಟಿದಳು: "ಏನಾದ್ರೂ ಮಾಡೇ, ಇಲ್ದಿದ್ರೆ ನಮ್ಮ ಕಥೆ ಮುಗೀತು."

ಹಿಸ್ಕೆ ಗೊಜ್ಜಿನ ಬಾಟಲಿಯೊಂದನ್ನು ಎತ್ತಿಕೊಂಡು ನೇರ ಗೋಡೆಯ ಹತ್ತಿರ ನಡೆದಳು. ಅಲ್ಲಿ ನಿಂತಿದ್ದ ದಪ್ಪನೆಯ ಹಿರಿಯ ನರ್ಸಿನ ಕೈಯಲ್ಲಿ ಅದನ್ನು ಇಟ್ಟು, "ಇದು ನಿಮಗೇ ಹೇಳಿ ಮಾಡಿಸಿದ್ದು," ಎಂದಳು.

"ಅಯ್ಯೋ, ಬೇಡ್ರೀ! ಎಷ್ಟು ವರ್ಷದಿಂದ ಇದನ್ನ ತಂದು ತಂದು ನನ್ನ ತಲೆಗೆ ಕಟ್ತೀರಿ," ಎಂದಳು ಆ ನರ್ಸು. "ನಂಗೆ ಆ ಟಾರ್ಚು ಕೊಡಿ. ಕತ್ತಲೇಲಿ ಮನೆ ನಂಬರ್ ಕಾಣಲ್ಲ ನಂಗೆ."

ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ಹಿಸ್ಕೆಯೇ ನಕ್ಕಳು. ಬೇಡ ಅನ್ನಿಸಲೆಂದೇ ಕೊಟ್ಟದ್ದಾದರೂ ಒಳಗೆ ಚುರುಕ್ಕೆಂದದ್ದು ಸುಳ್ಳಲ್ಲ. ಹಿರಿಯ ನರ್ಸು ಟಾರ್ಚು ತಗೊಂಡಳು, ಅವಳ ಹಿಂದೆ ಇನ್ನೊಬ್ಬಳು ಕಾಲುಚೀಲಕ್ಕೆ ಕೈ ಹಾಕಿದಳು, ಆಮೇಲೆ ಮೇಜಿನ ಸುತ್ತ ನಿಲ್ಲಲು ಜಾಗವಿರಲಿಲ್ಲ. ಮೂಸಿ ನೋಡಿದರು, ಕೆನ್ನೆಗೆ ಒತ್ತಿ ನೋಡಿದರು, ಇದು ನಂದು ಅಂತ ಒಬ್ಬರನ್ನೊಬ್ಬರು ಕಿಚಾಯಿಸಿದರು.

ಜನ ಕರಗುವ ಹೊತ್ತಿಗೆ ಯೊರಿಂದೆ ಮೇಜಿನ ಹತ್ತಿರ ಬಂದಳು. ಮುಂದಿನ ವರ್ಷಕ್ಕೆ ಇನ್ನೂ ದೊಡ್ಡ ಹಾಲ್ ನೋಡೋಣ ಎಂದಳು. ಟೆಟ್ಟಿ ಖಾಲಿ ಡಬ್ಬದ ಮೇಲೆ ನಿರಾಳವಾಗಿ ಕೂತಳು. ಯೊರಿಂದೆ ಜೇಬಿನಿಂದ ಮರದ ಬಿಲ್ಲೆಯೊಂದನ್ನು ತೆಗೆದು ಹಿಸ್ಕೆಯ ಅಂಗೈಯಲ್ಲಿಟ್ಟಳು.

"ಇದು ನಿಮ್ಮದು. ಖಾಲಿಯಾಗೋ ಮುಂಚೆ ಆರಿಸ್ಕೊಳ್ಳಿ."

ತನ್ನದೇ ವ್ಯಾಪಾರ ನಡೆಸುವ ಹಿಸ್ಕೆಗೆ ಈ ತನಕ ಯಾವ ಧಣಿಯೂ ಕ್ರಿಸ್‌ಮಸ್ ಉಡುಗೊರೆ ಕೊಟ್ಟಿರಲಿಲ್ಲ. ಅಭ್ಯಾಸಬಲದಿಂದ ಲ್ಯಾವೆಂಡರ್ ಸೋಪಿಗೆ ಕೈ ಹಾಕಿ, ಇದು ಟೆಟ್ಟಿಗೆ ಇಷ್ಟ ಎಂದಳು.

"ನಂದು ನಾನು ತಗೊಂಡಾಯ್ತು," ಎಂದಳು ಟೆಟ್ಟಿ. "ನಿಂಗೇನು ಬೇಕು, ಅದನ್ನ ಹೇಳು."

ಹಿಸ್ಕೆ ಸೋಪನ್ನು ವಾಪಸು ಇಟ್ಟಳು. ತಾನೇ ಹರಡಿದ ಸಾಮಾನಿನ ಮುಂದೆ ಹೊಸಬಳ ಹಾಗೆ ನಿಂತಳು. ಮೇಜಿನ ಈ ತುದಿಯಿಂದ ಆ ತುದಿಗೆ ಹೋದಳು, ವಾಪಸು ಬಂದಳು. ಕಣ್ಣು ಒದ್ದೆಯಾಗಿದ್ದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಕೊನೆಗೆ ಒಂದೇ ಲೋಟ ಟೀ ಹಿಡಿಯುವ ಹಳದಿ ಟೀಪಾಟನ್ನು ಎತ್ತಿಕೊಂಡು, ಬಿಲ್ಲೆಯನ್ನು ಬುಟ್ಟಿಗೆ ಹಾಕಿದಳು. ಚೆನ್ನಾಗಿದೆಯಾ ಅಂತ ಯಾರನ್ನೂ ಕೇಳಲಿಲ್ಲ.